ಜೆರ್ಮಾಟಿನ ತುಂಡು ಹಗ್ಗ

ಸ್ವಿಟ್ಸರ್ಲೆಂಡಿನ ಜೆರ್ಮಾಟ್ ಗ್ರಾಮಕ್ಕೆ ಹಿಮದ ಮೇಲೆ ಜಾರುವ ಉಲ್ಲಾಸವನ್ನರಸಿ ಬರುವವರು ಅಸಂಖ್ಯ. ಪೆಟ್ರೋಲ್ ಕಾರುಗಳಿಗೆ ಪ್ರವೇಶವಿಲ್ಲದ ಈ ಊರಿಗೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವೇ ಕಾವಲು. ಇಲಿಗಳು ಏರದಂತೆ ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸಿದ ಮರದ ಕಣಜಗಳು ಹಳೆಯ ಕೇರಿಯಲ್ಲಿ ಒಕ್ಕಲುತನದ ದಿನಗಳನ್ನು ನೆನಪಿಸುತ್ತವೆ.

ಊರಿನ ವಸ್ತುಸಂಗ್ರಹಾಲಯದಲ್ಲಿ ಒಂದು ತುಂಡು ಹಗ್ಗವಿದೆ. 1865ರ ಜುಲೈ 14ರಂದು ಆಂಗ್ಲ ಸಾಹಸಿ ಎಡ್ವರ್ಡ್ ವಿಂಪರನ ತಂಡದ ಏಳು ಮಂದಿ ಆ ಶಿಖರವನ್ನು ಮೊದಲ ಬಾರಿಗೆ ಮುಟ್ಟಿದರು. ಇಳಿಯುವಾಗ ಒಬ್ಬನ ಕಾಲು ಜಾರಿತು, ಹಗ್ಗ ತುಂಡಾಯಿತು, ನಾಲ್ವರು ಪ್ರಪಾತದ ಪಾಲಾದರು. ಬದುಕಿ ಬಂದ ಮೂವರಲ್ಲಿ ಈ ಊರಿನದೇ ಮಾರ್ಗದರ್ಶಿ ಹಿರಿಯ ಟೌಗ್‌ವಾಲ್ಡರನೂ ಒಬ್ಬ. ಪ್ರಾಣಭಯದಿಂದ ಅವನೇ ಹಗ್ಗವನ್ನು ಕೊಯ್ದನೆಂದು ಜನ ಆಡಿಕೊಂಡರು. ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಅಪವಾದ ಮಾತ್ರ ಬೆನ್ನು ಬಿಡಲಿಲ್ಲ. ಆ ದುರಂತದ ವಾರ್ತೆಯೇ ಜೆರ್ಮಾಟಿನ ಹೆಸರನ್ನು ದೇಶದೇಶಗಳಿಗೆ ಒಯ್ದಿತು.