ಹೈಸ್ಕೂಲಲ್ಲೇ ಕಾಲೇಜಿನ ರುಚಿ

ಈಗಷ್ಟೇ ಟೆಕ್ಸಾಸ್‌ನಲ್ಲಿರೋ ಅಕ್ಕನ ಜೊತೆ ಮಾತಾಡಿ ಫೋನ್ ಇಟ್ಟೆ. ಅವಳ ಮಗಳು ಹನ್ನೊಂದನೇ ಕ್ಲಾಸು. ಮನೇಲೇ ಕೂತು ಕಮ್ಯುನಿಟಿ ಕಾಲೇಜಿನ ಸೈಕಾಲಜಿ ಕೋರ್ಸ್ ಆನ್‌ಲೈನಲ್ಲಿ ಓದ್ತಿದ್ದಾಳೆ. ಪಾಸಾದ್ರೆ ಹೈಸ್ಕೂಲಿಗೂ ಲೆಕ್ಕ, ಕಾಲೇಜಿಗೂ 3 ಕ್ರೆಡಿಟ್. ಡಿಗ್ರಿಗೆ ಸಾಮಾನ್ಯವಾಗಿ ಬೇಕಾಗೋದು 120. ಹೀಗೆ ಎರಡೂ ಕಡೆ ಲೆಕ್ಕಕ್ಕೆ ಬರೋದನ್ನ ಅಲ್ಲಿ ಡ್ಯುಯಲ್ ಕ್ರೆಡಿಟ್ ಅಂತಾರೆ. 2023ರಿಂದ ಆ ರಾಜ್ಯದಲ್ಲಿ ಬಡ ಮನೆಯ ಮಕ್ಕಳಿಗೆ ಎಷ್ಟೋ ಕಾಲೇಜುಗಳಲ್ಲಿ ಇದು ಉಚಿತ.

ದುಡ್ಡು ಉಳಿಯುತ್ತೆ, ನಿಜ. ನನಗೆ ಹಿಡಿಸಿದ್ದು ಬೇರೆ. ಒಂದು ವಿಷಯ ತನಗೆ ಒಗ್ಗುತ್ತಾ ಅಂತ ಆ ಮಗು ಡಿಗ್ರಿಗೆ ಸೇರೋಕೆ ಮುಂಚೆನೇ ನೋಡ್ಕೋಬಹುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ತಕ್ಷಣ ಸೈನ್ಸೋ ಕಾಮರ್ಸೋ ಆರ್ಟ್ಸೋ ಅಂತ ಹೇಳಿಬಿಡ್ಬೇಕು. ಆಮೇಲೆ ವಾಪಸ್ ಬರೋ ದಾರಿ ಕಷ್ಟ.

ಹಾಗಂತ ಅವಸರವೂ ಬೇಡ. ಅಲ್ಲಿ ಹದಿನಾರನೇ ವಯಸ್ಸಿಗೆ ತಗೊಂಡ ಗ್ರೇಡು ಕಾಲೇಜಿನ ಅಂಕಪಟ್ಟಿಯಲ್ಲಿ ಖಾಯಂ ಉಳಿಯುತ್ತೆ. ಖಾಸಗಿ ಅಥವಾ ಹೊರರಾಜ್ಯದ ಕಾಲೇಜು ಆ ಕ್ರೆಡಿಟ್ ಒಪ್ಪಲೇಬೇಕು ಅಂತಿಲ್ಲ. ಮೊದಲೇ ಕೇಳಿಕೊಂಡು ಸೇರೋದು ಒಳ್ಳೇದು.

ನಮ್ಮ ದೇಶದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಪಿಯುಸಿ ಮಕ್ಕಳೂ ಕಾಲೇಜು ಪಾಠ ಕೇಳಬಹುದು. ಆದರೆ ಅದರ ಕ್ರೆಡಿಟ್ ಸಿಗೋದು ಡಿಗ್ರಿಗೆ ಸೇರಿದವರಿಗೆ. ಪಿಯುಸಿಯಲ್ಲೇ ಒಂದೋ ಎರಡೋ ಕೋರ್ಸಿಗೆ ಕ್ರೆಡಿಟ್ ಕೊಟ್ಟು, ಮುಂದೆ ಅದನ್ನ ಡಿಗ್ರಿಗೆ ಸೇರಿಸಿಕೊಂಡ್ರೆ ಎಷ್ಟು ಚೆನ್ನ! ಹಳ್ಳಿ ಕಾಲೇಜಿನ ಮಕ್ಕಳಿಗಂತೂ ಇದು ಸಿಗಲೇಬೇಕು.

ಪಿಯು ಲೆಕ್ಚರರ್‌ಗಳು, ಅಪ್ಪ ಅಮ್ಮಂದಿರು, ನೀವೇನಂತೀರಿ? ಮಕ್ಕಳಿಗೆ ಇದು ಹೊರೆ ಆಗುತ್ತಾ, ದಾರಿ ಆಗುತ್ತಾ?