ಕೂದಲಿಗೆ ಕಪ್ಪು, ಚರ್ಮಕ್ಕೆ ಕುತ್ತು

ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನವಿದೆ ಎನ್ನುವಾಗ ಮನೆಯ ಯಜಮಾನರು ಎಂದಿನಂತೆ ತಲೆಗೆ ಬಣ್ಣ ಹಚ್ಚಿಕೊಂಡರು. ಹತ್ತು ವರ್ಷಗಳ ರೂಢಿ. ರಾತ್ರಿ ನೆತ್ತಿಯಲ್ಲಿ ತುರಿಕೆ, ಮರುದಿನ ಹಣೆ, ಕಿವಿಗಳೆಲ್ಲ ಕೆಂಪು. ನಿಶ್ಚಿತಾರ್ಥದ ಬೆಳಗ್ಗೆ ರೆಪ್ಪೆಗಳು ಊದಿ ಕಣ್ಣು ತೆರೆಯುವುದೇ ಕಷ್ಟವಾಯಿತು. "ಇಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ!" ಎಂಬುದೇ ಮನೆಯವರೆಲ್ಲರ ಪ್ರಶ್ನೆ.

ಉತ್ತರ ಬಣ್ಣದ ರಸಾಯನದಲ್ಲಿದೆ. ಬಹುತೇಕ ಕಪ್ಪು ಬಣ್ಣಗಳಲ್ಲಿರುವುದು ಪ್ಯಾರಾಫೀನೈಲಿನ್ ಡೈಅಮೀನ್, ಚುಟುಕಾಗಿ ಪಿಪಿಡಿ. ಇದರ ಪುಟ್ಟ ಅಣುಗಳು ಕೂದಲಿನೊಳಗೆ ಇಳಿಯುತ್ತವೆ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉತ್ಕರ್ಷಣಗೊಂಡು ಒಂದಕ್ಕೊಂದು ಕೂಡಿ ಬಣ್ಣದ ದೊಡ್ಡ ಅಣುಗಳಾಗುತ್ತವೆ. ಹೊರಬರಲಾಗದ ಕಾರಣ ತೊಳೆದರೂ ಬಣ್ಣ ಹೋಗುವುದಿಲ್ಲ.

ಆದರೆ ಈ ಪುಟ್ಟ ಅಣುಗಳು ನೆತ್ತಿಯ ಚರ್ಮದೊಳಕ್ಕೂ ನುಸುಳಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಸುತ್ತದೆ. ಈ ಗುರುತು ಮೊದಲ ಸಲವೇ ಮೂಡಬಹುದು, ಹತ್ತಾರು ಸಲ ಹಚ್ಚಿದ ಮೇಲೂ ಮೂಡಬಹುದು. ಒಮ್ಮೆ ಮೂಡಿದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಂದೆ ಹಚ್ಚಿದಾಗಲೆಲ್ಲ ಒಂದೆರಡು ದಿನಗಳಲ್ಲಿ ತುರಿಕೆ, ಬಾವು, ನೀರುಗುಳ್ಳೆ. ಆದ್ದರಿಂದ 'ಇದುವರೆಗೆ ಏನೂ ಆಗಿಲ್ಲ' ಎಂಬುದು ಭರವಸೆಯಲ್ಲ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಸಂಗತಿ, ಜಾತ್ರೆ ಮದುವೆಗಳಲ್ಲಿ ಮಕ್ಕಳ ಕೈಗೆ ಹಾಕುವ 'ಕಪ್ಪು ಮೆಹಂದಿ'. ಮದರಂಗಿ ಸೊಪ್ಪಿನಲ್ಲಿರುವ ಲಾಸೋನ್ ಕೊಡುವುದು ಕೆಂಪು ಕಂದು ಬಣ್ಣವನ್ನೇ. ಬೇಗನೆ ಅಚ್ಚ ಕಪ್ಪಾದರೆ ಪಿಪಿಡಿ ಬೆರೆತಿದೆಯೆಂದು ಸಂಶಯಪಡಬೇಕು. ಹತ್ತರ ವಯಸ್ಸಿನಲ್ಲಿ ಕೈಗೆ ಹಾಕಿದ ಚಿತ್ತಾರದ ಫಲವನ್ನು ಮುಂದೆಂದೋ ಮೊದಲ ಸಲ ಕೂದಲಿಗೆ ಬಣ್ಣ ಹಚ್ಚಿದಾಗ ಉಣ್ಣಬೇಕಾದೀತು. ಯುರೋಪಿನ ಒಕ್ಕೂಟ ತಲೆಗೂದಲ ಬಣ್ಣದಲ್ಲಿ ಪಿಪಿಡಿಗೆ ಶೇ. 2ರ ಮಿತಿ ಹಾಕಿದೆ. ಇಂಥ ಬಣ್ಣಗಳು 16 ವರ್ಷದೊಳಗಿನವರಿಗಲ್ಲ ಎಂದು ಪೊಟ್ಟಣದ ಮೇಲೆ ಮುದ್ರಿಸುವುದೂ ಅಲ್ಲಿ ಕಡ್ಡಾಯ.

ಬಣ್ಣ ಬೇಕೇ ಬೇಕು ಎನ್ನುವವರು ಪ್ರತಿ ಸಲವೂ 48 ಗಂಟೆ ಮೊದಲು, ಪೊಟ್ಟಣದಲ್ಲಿ ಹೇಳಿದಂತೆ, ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಬೇಕು. ಹಿಂದೆ ತೊಂದರೆಯಾದವರು ಈ ಪರೀಕ್ಷೆಗೂ ಕೈಹಾಕದೆ ಚರ್ಮವೈದ್ಯರನ್ನು ಕೇಳುವುದು ಕ್ಷೇಮ. ಹುಬ್ಬು, ರೆಪ್ಪೆಗಳಿಗೆ ಬಣ್ಣ ಬೇಡವೇ ಬೇಡ. 'ಹರ್ಬಲ್', 'ಅಮೋನಿಯಾರಹಿತ' ಎಂದಿದ್ದ ಮಾತ್ರಕ್ಕೆ ಪಿಪಿಡಿ ಇಲ್ಲವೆಂದಲ್ಲ. ಸಣ್ಣ ಅಕ್ಷರಗಳನ್ನೂ ಓದಬೇಕು. ತುರಿಕೆ ಶುರುವಾದರೆ ಧಾರಾಳ ನೀರಿನಿಂದ ತೊಳೆದು, ಪೊಟ್ಟಣದೊಂದಿಗೆ ವೈದ್ಯರ ಬಳಿ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು.

ವಯಸ್ಸಿಗೆ ಬರುವ ನರೆ ರೋಗವಲ್ಲ. ಅದನ್ನು ಮುಚ್ಚಲು ಹೋಗಿ ರೋಗ ತಂದುಕೊಳ್ಳಬಾರದಷ್ಟೆ.