ರೂಟ್ ಫುಲ್ ಆದ ರಾತ್ರಿ

ನಮ್ಮ ಬ್ಯಾಚ್‌ನಲ್ಲಿ ತುಂಬಾ ಜನರದ್ದು ಡ್ಯುಯಲ್ ಬೂಟ್. ವಿಂಡೋಸ್‌ಗೆ ದೊಡ್ಡ ಪಾಲು, ಉಬುಂಟುಗೆ ಮಿಕ್ಕಿದ್ದು. ಅದರಲ್ಲೂ ರೂಟ್‌ಗೆ 30 ಜಿಬಿ ಕೊಟ್ಟು ‘ಸಾಕು ಬಿಡು’ ಅಂತೀವಿ. ಒಂದೆರಡು ಲ್ಯಾಬ್‌ಗೆ ಬೇಕಾದ್ದೆಲ್ಲ ಇನ್‌ಸ್ಟಾಲ್ ಆಗುವಷ್ಟರಲ್ಲಿ ಅದು ತುಂಬಿ ಕೂತಿರುತ್ತೆ.

ಮಿನಿ ಪ್ರಾಜೆಕ್ಟ್ ಡೆಮೊದ ಹಿಂದಿನ ರಾತ್ರಿ ನಮ್ಮ ಟೀಮಿಗೆ ಆಗಿದ್ದೂ ಇದೇ. ಪಾಸ್‌ವರ್ಡ್ ಸರಿಯಾಗೇ ಹಾಕಿದರೂ ತಿರುಗಿ ಲಾಗಿನ್ ಸ್ಕ್ರೀನೇ ಬರ್ತಿತ್ತು. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಟರ್ಮಿನಲ್‌ಗೆ ಹೋಗಿ ‘ಡಿಎಫ್’ ಕೊಟ್ಟರೆ ರೂಟ್ 100%.

ಲ್ಯಾಪ್‌ಟಾಪ್ ನಮ್ಮ ಗೆಳೆಯನದ್ದು. ಅವನ ಊರ ಜಾತ್ರೆಯ ವಿಡಿಯೋಗಳು ಅದರಲ್ಲಿದ್ದವು. ತೇರಿನ ಹಗ್ಗ ಹಿಡಿದು ನಿಂತ ಅವನ ಅಜ್ಜ ಈಗಿಲ್ಲ. ‘ಡಿಲೀಟ್ ಮಾಡ್ಬಿಡ್ಲಾ?’ ಅಂತ ಅವನೇ ಕೇಳಿದ. ಆದರೆ ಡಿಎಫ್‌ನ ಕೆಳಗಿನ ಸಾಲು ನೋಡಿ: ಹೋಮ್ ಬೇರೆ ಪಾರ್ಟಿಷನ್, ಅಲ್ಲಿ ಬೇಕಾದಷ್ಟು ಜಾಗ. ವಿಡಿಯೋ ಅಳಿಸಿದರೂ ರೂಟ್‌ಗೆ ಒಂದು ಕೆಬಿ ಕೂಡ ಸಿಗ್ತಿರಲಿಲ್ಲ.

ಹಾಗಾದ್ರೆ ಜಾಗ ತಿಂದಿದ್ದು ಯಾರು? ‘ಡಿಯು’ ಕಮಾಂಡಿಗೆ ‘ಎಕ್ಸ್’ ಆಪ್ಷನ್ ಸೇರಿಸಿದರೆ ಅದು ಪಕ್ಕದ ಪಾರ್ಟಿಷನ್‌ಗೆ ಕಾಲಿಡಲ್ಲ. ಹಾಗೆ ಒಂದೊಂದೇ ಫೋಲ್ಡರ್ ಇಳಿದೆವು. ಮುಕ್ಕಾಲು ಪಾಲು ‘ವಾರ್’ ಒಳಗಿತ್ತು. ಆಪ್ಟ್ ಇಳಿಸಿಕೊಂಡ ಪ್ಯಾಕೇಜುಗಳು, ಇನ್‌ಸ್ಟಾಲ್ ಆದಮೇಲೂ ಹಾಗೇ ಇದ್ದವು. ‘ಆಪ್ಟ್ ಕ್ಲೀನ್’ಗೆ ಅವು ಹೋದವು. ಸಿಸ್ಟಮ್‌ಡಿಯ ಜರ್ನಲ್ ಎರಡು ಜಿಬಿ ದಾಟಿತ್ತು. ಹೇಳೋರು ಕೇಳೋರು ಇಲ್ಲದಿದ್ದರೆ ಅದು ಪಾರ್ಟಿಷನ್‌ನ 10% ತನಕ ಬೆಳೆಯುತ್ತೆ, 4 ಜಿಬಿಗೆ ನಿಲ್ಲುತ್ತೆ. ‘ಜರ್ನಲ್‌ಸಿಟಿಎಲ್’ಗೆ ‘ವ್ಯಾಕ್ಯೂಮ್ ಸೈಜ್’ 200 ಎಂಬಿ ಅಂತ ಕೊಟ್ಟು ಇಳಿಸಿದೆವು. ಹಳೇ ಕರ್ನಲ್‌ಗಳಿಗೆ ‘ಆಟೋರಿಮೂವ್’ ಇದೆ, ಬೂಟ್ ಫೋಲ್ಡರ್‌ಗೆ ನುಗ್ಗಿ ಕೈಯಾರೆ ‘ಆರ್‌ಎಂ’ ಮಾಡುವ ಧೈರ್ಯ ಯಾರಿಗೂ ಬೇಡ.

ದೊಡ್ಡ ತಿಮಿಂಗಿಲ ಡಾಕರ್. ಪ್ರತಿ ಸಲ ಬಿಲ್ಡ್ ಮಾಡಿದಾಗಲೂ ಹಳೇ ಲೇಯರ್‌ಗಳು, ಕ್ಯಾಶ್ ಉಳಿದು ಏಳು ಜಿಬಿ ಆಗಿತ್ತು. ‘ಸಿಸ್ಟಮ್ ಪ್ರೂನ್’ ಅದನ್ನೆಲ್ಲ ಗುಡಿಸಿ ಹಾಕುತ್ತೆ. ಆದರೆ ನೆಟ್‌ನಲ್ಲಿ ಸಿಗುವ ಕಮಾಂಡಿನ ಬಾಲಕ್ಕೆ ‘ವಾಲ್ಯೂಮ್ಸ್’ ಅಂತ ಇದ್ದರೆ ಕೈ ತಡೀರಿ. ನಮ್ಮ ಡೇಟಾಬೇಸ್ ಇದ್ದಿದ್ದು ವಾಲ್ಯೂಮಿನಲ್ಲೇ. ಆ ಬಾಲ ಕತ್ತರಿಸಿಯೇ ಎಂಟರ್ ಒತ್ತಿದೆವು.

ಅಂದಹಾಗೆ, ರೂಟ್ ತುಂಬಿದ್ದರೂ ಸುಡೊ ಕಮಾಂಡ್‌ಗಳು ಓಡಿದ್ದು ಹೇಗೆ ಅಂದ್ರೆ, ಇಎಕ್ಸ್‌ಟಿ4 ಸಾಮಾನ್ಯವಾಗಿ 5% ಜಾಗವನ್ನು ರೂಟ್ ಯೂಸರ್‌ಗೆ ಅಂತ ಎತ್ತಿಟ್ಟಿರುತ್ತೆ. 30 ಜಿಬಿಯಲ್ಲಿ ಒಂದೂವರೆ. ಮನೆಯಲ್ಲಿ ಅಮ್ಮ ಸಾಸಿವೆ ಡಬ್ಬಿಯಲ್ಲಿ ಇಡೋ ದುಡ್ಡಿನ ಹಾಗೆ, ನಮ್ಮ ಲೆಕ್ಕಕ್ಕೆ ಸಿಗಲ್ಲ, ಆದರೆ ಇರುತ್ತೆ.